ನೂರಾ ಐದು ಪರ್ಸೆಂಟ್

ಯಾವ ಕೆಲಸದಲ್ಲೂ ಹಾಕಿದ್ದಕ್ಕಿಂತ ಹೆಚ್ಚು ವಾಪಸ್ ಬರೋದಿಲ್ಲ. ನನ್ನ ಉದ್ಯೋಗ ನಿಂತಿರೋದೇ ಈ ನಂಬಿಕೆಯ ಮೇಲೆ. ದೋಣಿಯಿಂದ ಐಸ್ ಶೆಡ್ಡಿಗೆ, ಅಲ್ಲಿಂದ ಲಾರಿಗೆ ಸಾಗುವಾಗ ಮೀನು ಪ್ರತಿ ಹಂತದಲ್ಲಿ ಎಷ್ಟು ಸೋರುತ್ತದೆಂದು ಅಳೆಯಲು ಅಂಕೋಲೆಯ ದಂಡೆಗೆ ಹೋಗಿದ್ದೆ. ಬುಟ್ಟಿ ಹೊರುವ ಹೆಂಗಸರನ್ನು ಬಿಡಿಸಿ ಮೀನು ಸಾಗಿಸುವ ಕನ್ವೇಯರ್ ಬೆಲ್ಟ್ ಹಾಕಬೇಕೋ ಬೇಡವೋ ಅನ್ನೋದು ನನ್ನ ವರದಿಯ ಮೇಲಿತ್ತು.

ದಂಡೆಯಲ್ಲಿ ಇಪ್ಪತ್ತು ಹೆಂಗಸರ ತಲೆಗೆ ಇಪ್ಪತ್ತು ಬುಟ್ಟಿ ಏರಿದವು. ಶೆಡ್ಡಿನಲ್ಲಿ ಇಳಿದದ್ದು ಇಪ್ಪತ್ತೊಂದು. ಮೂರು ದಿನ ಎಣಿಸಿದೆ, ಮೂರು ದಿನವೂ ಅಷ್ಟೇ.

ಸಾಲಿನ ಮುಂದೆ ನಡೆಯುವ ನಾಗವೇಣಿಯನ್ನು ಕೇಳಿದೆ. "ಅದು ಶೇವಂತಕ್ಕನ ಬುಟ್ಟಿ," ಅಂದಳು. "ಮೂವತ್ತು ವರ್ಷ ಸಾಲಿನ ಕಡೇಲಿ ಅಕ್ಕನೇ ನಡೀತಿತ್ತು. ಹೋದ ಮಳೆಗಾಲದಲ್ಲಿ ತೀರ್ಕಂತು. ಬುಟ್ಟಿ ಹೊತ್ತಮೇಲೆ ನಾವ್ಯಾರೂ ಹಿಂದೆ ತಿರುಗಿ ನೋಡೂದಿಲ್ಲ. ನೀವೂ ನೋಡುಕಾಗ, ನೋಡ್ಬೇಡಿ."

ನಾಲ್ಕನೇ ದಿನ ಬೆಳಿಗ್ಗೆ ಬರಿಗೈಲಿ ನಾನೇ ಸಾಲಿನ ಕೊನೆಯಲ್ಲಿ ನಡೆದೆ. ಅರ್ಧ ದಾರಿಯಲ್ಲಿ ನನ್ನ ಬೆನ್ನ ಹಿಂದೆ ಒದ್ದೆ ಮರಳಿನ ಮೇಲೆ ಹೆಜ್ಜೆ ಕೇಳಿಸಿತು. ಬುಟ್ಟಿಯಿಂದ ತೊಟ್ಟಿಕ್ಕಿದ ತಣ್ಣನೆ ಮೀನುನೀರು ನನ್ನ ಹಿಮ್ಮಡಿಗೆ ಬಿತ್ತು. ತಿರುಗಿ ನೋಡುವುದು ನನ್ನ ಕೆಲಸವೇ ಆಗಿತ್ತು. ನೋಡಲಿಲ್ಲ. ಶೆಡ್ಡಿನಲ್ಲಿ ಬುಟ್ಟಿಗಳು ಇಪ್ಪತ್ತೊಂದೇ ಇದ್ದವು.

ಬೆಲ್ಟ್ ಬೇಡ, ಈ ಹಂತದ ದಕ್ಷತೆ ನೂರಕ್ಕೆ ನೂರು ಎಂದು ವರದಿ ಬರೆದೆ. ಮೇಲಿನವರು ಹುಬ್ಬೇರಿಸಿದರು: "ಒಂದು ಮೀನೂ ಸೋರಲಿಲ್ಲವಾ? ಸ್ವಲ್ಪ ಉಬ್ಬಿಸಿ ಬರೆದ ಹಾಗಿದೆ."

ಇಷ್ಟು ವರ್ಷದಲ್ಲಿ ನಾನು ಇಳಿಸಿ ಬರೆದ ಲೆಕ್ಕ ಅದೊಂದೇ.