ಕೋಳಿಯ ಬಾಗಿದ ಕಾಲು

ಹುಮನಾಬಾದ ಸಂತೆಯ ಬದಿಯಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದೆ. ಎಮ್ಮೆ ವ್ಯಾಪಾರಿಯೊಬ್ಬ ಕೋಳಿ ಕೊಳ್ಳಲು ಬಂದು, ಎಮ್ಮೆಯನ್ನು ನಡೆಸಿ ನೋಡುವಂತೆ ಅದನ್ನೂ ನಡೆಸಿ ನೋಡಿದ.

“ಕಾಲು ನೆಟ್ಟಗಿಲ್ಲ, ಬಗ್ಗ್ಯಾವ. ಕುಂಟ ಕೋಳಿ ನನಗ ಬ್ಯಾಡ.”

“ಕೋಳಿ ಅದರಿ ಯಣ್ಣಾ, ನಿಮ್ಮ ಎಮ್ಮಿ ಅಲ್ಲ!” ಮಾರುವಾಕೆ ನನ್ನತ್ತ ತಿರುಗಿದಳು. “ಓದಿದವ್ರು ಕಾಣ್ತೀರಿ, ನೀವರ ಹೇಳ್ರಿ. ಇದೊಂದು ಮಾರಿ ಹೋದ್ರ ನಾ ನಮ್ಮೂರು ನಿರ್ಣಾಕ್ಕ ಹೊಂಟೆ.”

ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಮುಗಿಸಿದವನು ನಾನು. ಹೆಮ್ಮೆಯಿಂದಲೇ ಹೇಳಿದೆ: ದೊಡ್ಡ ಮೈಯ ಭಾರ ಹೊರಲು ಎಮ್ಮೆ ಕಾಲನ್ನು ನೆಟ್ಟಗಿಡುತ್ತದೆ, ಸಣ್ಣ ಪ್ರಾಣಿಗಳು, ಹಕ್ಕಿಗಳು ಕಾಲು ಬಗ್ಗಿಸಿಯೇ ನಡೆಯುತ್ತವೆ.

“ಖರೇ ಇರಬಹುದ್ರಿ. ಹಂಗಾದ್ರ ಕುಂಟ ಕೋಳಿ ಹ್ಯಾಂಗ ನಡೀತದ್ರಿ ಸರ?” ಎಂದ ವ್ಯಾಪಾರಿ.

ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಬಸ್ಸು ಬಂತು, ಹತ್ತಲಿಲ್ಲ. ಕೋಳಿಯ ಕಾಲು ಕಾಣುವಂತೆ ಕುಕ್ಕರಗಾಲಲ್ಲಿ ಕೂತು, “ಇನ್ನೊಮ್ಮೆ ನಡಸವ್ವಾ” ಎಂದೆ.