ಸಪಾಟ ಪಾದದ ಪಿ.ಟಿ. ಮಾಸ್ತರ

ಇಪ್ಪತ್ತೊಂದನೇ ವಯಸ್ಸಿನಲ್ಲಿ ನನ್ನ ಪಾದ ದೇಶಸೇವೆಗೆ ಯೋಗ್ಯವಲ್ಲ ಎಂದು ಸರಕಾರ ತೀರ್ಮಾನಿಸಿತು. ಬಿಜಾಪುರದಲ್ಲಿ ಮಿಲಿಟರಿ ಭರ್ತಿ ನಡೆದಿತ್ತು. ಲಚ್ಯಾಣದ ಹತ್ತಿರದ ನಮ್ಮ ಹಳ್ಳಿಯಿಂದ ಏಳು ಮಂದಿ ಹೋಗಿದ್ದೆವು. ಓಟದಲ್ಲಿ ಏಳರಲ್ಲಿ ನಾನೇ ಮುಂದೆ ಬಂದೆ. ಆಮೇಲೆ ಡಾಕ್ಟರೊಬ್ಬರು ನನ್ನನ್ನು ಒದ್ದೆ ಕಾಲಲ್ಲಿ ಫರಸಿ ಮೇಲೆ ನಡೆಸಿ, ಮೂಡಿದ ಹೆಜ್ಜೆಗುರುತು ನೋಡಿ, ಪಾದದ ನಡುವೆ ಇರಬೇಕಾದ ಕಮಾನೇ ಇಲ್ಲ, ಸಪಾಟ ಪಾದ ಎಂದು ಹೊರಗೆ ಕಳಿಸಿದರು. ನನ್ನ ಹಿಂದೆ ಏದುಸಿರು ಬಿಡುತ್ತ ಬಂದವರಲ್ಲಿ ಇಬ್ಬರು ಸೈನಿಕರಾದರು. ನಾನು ಪಿ.ಟಿ. ಮಾಸ್ತರನಾದೆ. ದೇಶಕ್ಕಾಗಿ ನಡೆಯಲು ಬಾರದ ಕಾಲು ದೇಶದ ಮಕ್ಕಳಿಗೆ ನಡಿಗೆ ಕಲಿಸಲು ಸಾಕು ಎಂದು ಅದೇ ಸರಕಾರದ ಇನ್ನೊಂದು ಖಾತೆ ಒಪ್ಪಿಕೊಂಡಿತು.

ಇಪ್ಪತ್ತಾರು ವರ್ಷ ಆ ಕೆಲಸ ಮಾಡಿದೆ. ಮೊದಲು ಇಂಡಿಯಲ್ಲಿ, ಆಮೇಲೆ ಸಿಂದಗಿ ಕಡೆ, ಈಗ ಬಸವನ ಬಾಗೇವಾಡಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ. ನಲವತ್ತು ಮಕ್ಕಳ ಸಾಲಿನಲ್ಲಿ ಯಾರ ಹೆಜ್ಜೆ ಸೊಟ್ಟ ಬೀಳುತ್ತದೆ ಎಂದು ದೂರದಿಂದಲೇ ಹಿಡಿಯುವುದು ನನ್ನ ಹೆಗ್ಗಳಿಕೆ. ಹೋದ ವರ್ಷ ಆಗಸ್ಟ್ ಹದಿನೈದರ ಪಥಸಂಚಲನಕ್ಕೆ ತಾಲೀಮು ಮಾಡಿಸುವಾಗ ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿಯನ್ನು ಹಾಗೇ ಹಿಡಿದೆ.

"ನಿನ್ನ ಕಾಲು ಒಳಗ ಬೀಳ್ತಾವು. ಇಡೀ ಲೈನ್ ಕೆಡಸ್ತಿ. ಹೊರಗ ನಿಂದ್ರು" ಅಂದೆ.

"ಹೂಂ ರೀ ಸರ" ಎಂದು ಅವಳು ಹೊರಗೆ ಹೋದಳು. ಅವಳ ತಾಯಿ ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುವ ಹೆಣ್ಣುಮಗಳು. ಮಗಳನ್ನು ಹೊರಗೆ ನಿಲ್ಲಿಸಿದ ದಿನವೂ ನನ್ನ ತಾಟಿಗೆ ಒಂದು ಸೌಟು ಸಾರು ಹೆಚ್ಚೇ ಹಾಕಿದಳು. ನಾನು ಅದನ್ನು ಉಂಡು ಮರೆತೆ.

ಅದೇ ದಿನಗಳಲ್ಲಿ ನನ್ನ ಬಲಗಾಲಿನ ಮೊಣಕಾಲು ಒಳಬದಿಗೆ ನೋಯಲು ಶುರುವಾಯಿತು. ಹೆಂಡತಿ, "ವಯಸ್ಸಾತು, ಇನ್ನ ಮಕ್ಕಳ ಕೂಡ ಓಡೂದು ಬಿಡ್ರಿ" ಅಂದಳು. ವಯಸ್ಸನ್ನು ಒಪ್ಪಿಕೊಳ್ಳುವುದಕ್ಕಿಂತ ಬೂಟು ಕೊಳ್ಳುವುದು ಸುಲಭ. ವಿಜಯಪುರದ ದೊಡ್ಡ ಅಂಗಡಿಗೆ ಹೋದೆ. ಮಾರುವವನು ಒಂದು ಬೂಟಿನ ತಳವನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಬೆರಳು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

"ಸರ, ಗಾದಿ ಮ್ಯಾಲ ನಡದಂಗ ಆಗ್ತೈತಿ ನೋಡ್ರಿ."

ಗಾದಿ ಇರುವುದು ಮಲಗುವುದಕ್ಕೆ ಎಂದು ನನಗೆ ಆಗ ಹೊಳೆಯಲಿಲ್ಲ. ಕೊಂಡೆ. ತಿಂಗಳೊಳಗೆ ಮೊಣಕಾಲಿನ ಜೊತೆ ಹಿಮ್ಮಡಿಯೂ ನೋಯತೊಡಗಿತು. ಇದು ಬೂಟಿಗೆ ಕಾಲು ಹೊಂದಿಕೊಳ್ಳುವ ಸಮಯ ಎಂದು ಸಮಾಧಾನ ಮಾಡಿಕೊಂಡೆ.

ಕ್ರೀಡಾಕೂಟದ ಪಂಚನಾಗಿ ಸೀಟಿ ಊದಲು ಸಿಂದಗಿಗೆ ಹೋದಾಗ ಆ ಬೂಟಿನ ಹೊಲಿಗೆ ಒಳಬದಿಗೆ ಬಿಚ್ಚಿತು. ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬ ಮುದುಕನ ಮುಂದೆ ಕುಳಿತೆ. ಅವನು ಎರಡೂ ಬೂಟುಗಳನ್ನು ತನ್ನ ಕಲ್ಲಿನ ಮೇಲೆ ಇಟ್ಟು, ನನ್ನ ಕಡೆ ಹಿಂಭಾಗ ತಿರುಗಿಸಿದ. ಗುಸುಗುಸು ಮಾತಾಡುವ ಇಬ್ಬರು ಗೆಳತಿಯರಂತೆ ಅವು ಒಂದರ ಕಡೆ ಒಂದು ವಾಲಿದ್ದವು.

"ಹೊಲದು ಕೊಡ್ತೇನ್ರಿ. ಆದ್ರ ಮತ್ತ ಅಲ್ಲೇ ಹರೀತೈತಿ. ನೀವು ಕಾಲು ಒಳಗ ಚೆಲ್ಲಿ ನಡೀತೀರಿ."

"ನಾ ಪಿ.ಟಿ. ಮಾಸ್ತರ ಅದೇನಿ" ಅಂದೆ, ಸ್ವಲ್ಪ ಬಿರುಸಾಗಿಯೇ.

"ಇರ್ರಿ. ಅದಕ್ಕ ನಾ ಏನ ಮಾಡ್ಲಿ?" ಎಂದು ಅವನು ಸೂಜಿಗೆ ದಾರ ಹಾಕಿದ.

ಊರಿಗೆ ಬರುವ ಬಸ್ಸಿನಲ್ಲಿ ಆ ಮಾತು ಹಿಮ್ಮಡಿಗಿಂತ ಹೆಚ್ಚು ಚುಚ್ಚಿತು. ಮುಂದಿನ ವಾರ ವಿಜಯಪುರದ ಫಿಜಿಯೋಥೆರಪಿ ಡಾಕ್ಟರ್ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನವರು. ಬರಿಗಾಲಲ್ಲಿ ಓಣಿಯಂಥ ಉದ್ದನೆಯ ಹಾಲ್‌ನಲ್ಲಿ ಹೋಗಿ ಬರಲು ಹೇಳಿ, ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಆಮೇಲೆ ಅದನ್ನು ನಿಧಾನವಾಗಿ ಓಡಿಸಿ ನನ್ನ ಕೈಗೆ ಕೊಟ್ಟರು.

ಐವತ್ತೆರಡು ವರ್ಷ ನನ್ನನ್ನು ಹೊತ್ತು ತಿರುಗಿದ ಕಾಲುಗಳನ್ನು ನಾನು ಹಿಂದಿನಿಂದ ನೋಡಿದ್ದು ಅದೇ ಮೊದಲು. ಹಿಮ್ಮಡಿ ನೆಲಕ್ಕೆ ತಾಕಿದ ಕೂಡಲೇ ಕಾಲಗಿಣ್ಣು ಒಳಕ್ಕೆ ಕುಸಿಯುತ್ತಿತ್ತು, ಅದರ ಹಿಂದೆ ಮೊಣಕಾಲೂ ಒಳಕ್ಕೆ. ಆ ಹುಡುಗಿಯ ನಡಿಗೆಯೇ. ವ್ಯತ್ಯಾಸವೆಂದರೆ ಅವಳದು ಇಷ್ಟು ಕೆಟ್ಟದಾಗಿರಲಿಲ್ಲ.

"ಇದಕ್ಕ ಓವರ್‌ಪ್ರೊನೇಷನ್ ಅಂತಾರ್ರಿ" ಅಂದರು ಡಾಕ್ಟರ್. "ಕಾಲಿಟ್ಟಾಗ ಪಾದ ಒಂಚೂರು ಒಳಗ ಹೊರಳೂದು ಎಲ್ಲಾರಿಗೂ ಆಗ್ತೈತಿ. ನಿಮ್ಮದು ಭಾಳ ಹೊರಳ್ತೈತಿ. ನೋವು ಇರದಿದ್ರ ಇದೇನು ರೋಗ ಅಲ್ಲ, ಹಿಂಗ ನಡಿಯೋರು ಭಾಳ ಮಂದಿ ಅದಾರ. ನಿಮಗ ನೋವು ಐತಿ, ಅದಕ್ಕ ಆಸರ ಬೇಕು. ಮೊದಲ ಯಾರರೆ ಹೇಳಿದ್ರೇನು?"

"ಮಿಲಿಟರ್ಯಾಗ ಸಪಾಟ ಪಾದ ಅಂತ ಹೇಳಿದ್ರು. ಮೂವತ್ತೊಂದು ವರ್ಷ ಆತು."

"ಅವಾಗಿಂದ ಏನ್ ಮಾಡಿದ್ರಿ?"

"ಮಕ್ಕಳಿಗೆ ನೆಟ್ಟಗ ನಡೀರಿ ಅಂತ ಹೇಳಿದೆ."

ಅವರು ನಗು ಬಾರದಿರಲೆಂದು ಚೀಟಿ ಬರೆಯತೊಡಗಿದರು. ಅದರಲ್ಲಿ ಔಷಧಿ ಇರಲಿಲ್ಲ. ಬೂಟು ನೋಡುವ ಬಗೆ ಇತ್ತು: ಹಿಮ್ಮಡಿ ಹಿಡಿಯುವ ಹಿಂಭಾಗವನ್ನು ಹಿಚುಕಿದರೆ ಕುಸಿಯಬಾರದು. ಎರಡೂ ತುದಿ ಹಿಡಿದು ತಿರುಚಿದರೆ ಬೂಟು ತಿರುಚಿಕೊಳ್ಳಬಾರದು. ಬಗ್ಗಬೇಕಾದದ್ದು ಬೆರಳುಗಳ ಹತ್ತಿರ ಮಾತ್ರ, ನಡುವೆ ಅಲ್ಲ. ತಳದ ಒಳಬದಿ ಹೊರಬದಿಗಿಂತ ಗಟ್ಟಿಯಿದ್ದರೆ ಒಳ್ಳೆಯದು. ಸಂಜೆ ಹೊತ್ತು, ಕಾಲು ಸ್ವಲ್ಪ ಉಬ್ಬಿದಾಗ, ದಿನಾ ಹಾಕುವ ಕಾಲುಚೀಲ ಹಾಕಿಕೊಂಡೇ ಹೋಗಬೇಕು. ಕೆಳಗೆ ಎರಡು ಗೆರೆ ಎಳೆದು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ದಿನಕ್ಕೆ ಎರಡು ಸಲ ಎಂದು ಬರೆದಿದ್ದರು. ವ್ಯಾಯಾಮದ ಮಾಸ್ತರನಿಗೆ ವ್ಯಾಯಾಮ.

ತಂಗಡಗಿಯ ಬೀಗರ ಮನೆಗೆ ಹೋಗಿ ಬರುವಾಗ, ಸಂಜೆ ಆರಕ್ಕೆ ಮುದ್ದೇಬಿಹಾಳದಲ್ಲಿ ಇಳಿದು ಒಂದು ಬೂಟಿನಂಗಡಿ ಹೊಕ್ಕೆ. ಮಾಲಕ ಒಂದೊಂದೇ ಜೋಡಿ ತೆಗೆದು ಇಟ್ಟ. ನಾನು ಹಿಂಭಾಗ ಹಿಚುಕಿದೆ, ತುದಿ ಹಿಡಿದು ತಿರುಚಿದೆ, ಕೆಳಗಿಟ್ಟೆ. ಐದನೇ ಜೋಡಿಗೆ ಅವನ ತಾಳ್ಮೆ ಮುಗಿಯಿತು.

"ಸರ, ಬೂಟ ತಗೊಳಾಕ ಬಂದೀರೋ, ಅರಿವಿ ಹಿಂಡಾಕ ಬಂದೀರೋ?"

ಚೀಟಿ ತೋರಿಸಿ ವಿವರಿಸಿದೆ. ಅವನು ಓದಿದ, ಒಂದು ಬೂಟು ಎತ್ತಿ ತಾನೇ ತಿರುಚಿದ. ಅದು ಹಪ್ಪಳದ ಹಿಟ್ಟಿನಂತೆ ತಿರುಚಿಕೊಂಡಿತು. ಇನ್ನೊಂದು ಎತ್ತಿದ. ಅದೂ ಅಷ್ಟೇ. ಆಮೇಲೆ ನನ್ನನ್ನು ಮರೆತು ಒಂದು ಇಡೀ ಕಪಾಟನ್ನು ಹಿಂಡಿ ಮುಗಿಸಿ, ಮುಖ ಸಣ್ಣದು ಮಾಡಿಕೊಂಡು ಕುಳಿತ. "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ" ಅಂದ. ಕೊನೆಗೆ ಅಟ್ಟದ ಮೇಲಿಂದ ಧೂಳು ತುಂಬಿದ ಎರಡು ಡಬ್ಬಿ ಇಳಿಸಿದ. ಆ ಬೂಟುಗಳು ತಿರುಚಿಕೊಳ್ಳಲಿಲ್ಲ, ಹಿಂಭಾಗ ಕಲ್ಲಿನಂತಿತ್ತು, ತಳದ ಒಳಬದಿಗೆ ಬೇರೆ ಬಣ್ಣದ ಗಟ್ಟಿ ತುಂಡೊಂದು ಕೂತಿತ್ತು. ಯಾರೂ ಯಾಕೆ ಕೊಂಡಿಲ್ಲ ಎಂಬುದೂ ನೋಡಿದ ಕೂಡಲೇ ತಿಳಿಯಿತು. ಗಿಳಿಹಸಿರು ಬಣ್ಣ, ಕೇಸರಿ ಲೇಸು.

ಹಾಕಿಕೊಂಡು ಪಕ್ಕದ ಚಹಾದಂಗಡಿಯವರೆಗೆ ನಡೆದು ಬಂದೆ. ಗಾದಿಯಲ್ಲ, ನೆಲ. ಕೊಂಡೆ. ಎರಡನೇ ಡಬ್ಬಿಯಲ್ಲಿ ಅದೇ ಬೂಟಿನ ಚಿಕ್ಕ ಜೋಡಿ ಇತ್ತು. ಸಾಲಿನಿಂದ ತೆಗೆದುಹಾಕಿದ ಹುಡುಗಿ ನೆನಪಾದಳು. ಸರಕಾರದ ಶಾಲಾ ಬೂಟುಗಳಿಗೆ ಅಳತೆಯ ಯಾದಿ ಬರೆಯುವವನು ನಾನೇ, ಆದ್ದರಿಂದ ಅವಳ ನಂಬರು ಗೊತ್ತಿತ್ತು; ಈ ಜೋಡಿಯೂ ಅದೇ ನಂಬರಿನದು. ಅದನ್ನೂ ಕಟ್ಟಿಸಿಕೊಂಡೆ. ಬಸ್ಸಿನುದ್ದಕ್ಕೂ ಅವಳಿಗೆ ಹೇಳಬೇಕಾದ ಕ್ಷಮೆಯ ಮಾತುಗಳನ್ನು ಜೋಡಿಸಿದೆ. ಬಾಗೇವಾಡಿ ಬರುವಷ್ಟರಲ್ಲಿ ನನ್ನ ಔದಾರ್ಯಕ್ಕೆ ನನ್ನ ಕಣ್ಣೇ ತುಂಬಿ ಬಂದಿತ್ತು.

ಮರುದಿನ ಗಿಳಿಹಸಿರು ಬೂಟಿನಲ್ಲಿ ಶಾಲೆಗೆ ಹೋದಾಗ ಪ್ರಾರ್ಥನೆಯ ಸಾಲು ಒಮ್ಮೆ ಉಸಿರು ಹಿಡಿದು, ಆಮೇಲೆ ನಕ್ಕಿತು. "ಏನ್ರೀ ಮಾಸ್ತರ, ಗಿಳಿ ಮ್ಯಾಲ ನಿಂತಂಗ ಐತಿ" ಅಂದರು ಹೆಡ್‌ಮಾಸ್ತರರು. ನಾನು ತಲೆ ಕೆಡಿಸಿಕೊಳ್ಳದೆ ಡಬ್ಬಿ ಹಿಡಿದು ಹುಡುಗಿಯನ್ನು ಹುಡುಕುತ್ತ ಬಯಲಿಗೆ ಹೋದೆ. ಅವಳು ಬರಿಗಾಲಲ್ಲಿ ಖೋ-ಖೋ ಆಡುತ್ತಿದ್ದಳು. ಗಣಿತದ ಮೇಡಂ ಬಿಡುವಿನ ವೇಳೆಯಲ್ಲಿ ಕಟ್ಟಿದ ತಂಡ ಅದು. ನಾನು ನಿಂತು ನೋಡುತ್ತಿರುವಾಗಲೇ ಅವಳು ಮೂವರನ್ನು ಔಟ್ ಮಾಡಿದಳು. ಓಡುವಾಗಲೂ ಕಾಲು ಒಳಕ್ಕೇ ಬೀಳುತ್ತಿದ್ದವು. ಬಿದ್ದ ಕಾಲಿನಿಂದಲೇ ಅವಳು ಹಾವಿನಂತೆ ಹೊರಳಿ ತಿರುಗುತ್ತಿದ್ದಳು.

ಕರೆದು ಕೇಳಿದೆ. "ಕಾಲು ನೋಯ್ತಾವೇನು?"

"ಇಲ್ರಿ ಸರ."

"ಮೊಣಕಾಲು?"

"ಇಲ್ರಿ."

"ಹಿಮ್ಮಡಿ? ಮುಂಜಾನೆ ಎದ್ದಾಗ?"

"ಇಲ್ರಿ ಸರ. ಯಾಕ್ರಿ?"

ನನಗೆ ನಿರಾಸೆಯಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಡಬ್ಬಿ ತೆರೆದೆ. ನನ್ನ ಮರ್ಯಾದೆಗೆ ಅವಳು ಹಾಕಿಕೊಂಡು ಒಂದು ಸುತ್ತು ಓಡಿ, ಮೊದಲನೆಯವಳಾಗಿ ಔಟಾಗಿ ಬಂದಳು. "ಒಜ್ಜಿ ಅದಾವ್ರಿ ಸರ" ಎಂದು, ಭಾರ ತಾಳದೆ ಬಿಚ್ಚಿದಳು.

"ಅವತ್ತು ನಾ ನಿನ್ನ ತಗದದ್ದು ತಪ್ಪಾತು. ಜನವರಿ ಇಪ್ಪತ್ತಾರಕ್ಕ ಮತ್ತ ಪರೇಡಿಗೆ ಬಾ."

"ಬ್ಯಾಡ್ರಿ ಸರ" ಅಂದಳು, ಗಾಬರಿಯಾಗಿ. "ನೀವು ತಗದದ್ದ ಭಾಳ ಚಲೋ ಆತ್ರಿ, ಇಲ್ಲಂದ್ರ ಖೋ-ಖೋಕ್ಕ ಬರ್ತಿದ್ದಿಲ್ರಿ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ನೋವಿಲ್ಲದ ಕಾಲಿಗೆ ರೋಗವಿಲ್ಲ ಎಂದು ಡಾಕ್ಟರ್ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ, ಆದರೆ ಯಾರನ್ನಾದರೂ ತಿದ್ದುವ ಚಟ ಇಪ್ಪತ್ತಾರು ವರ್ಷದ್ದು. ಮೊದಲು ಸೀಟಿ ಊದಿ ತಿದ್ದುತ್ತಿದ್ದೆ, ಈಗ ಬೂಟು ಕೊಟ್ಟು. ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದಕ್ಕೂ ಗಿರಾಕಿ ಸಿಗಲಿಲ್ಲ.

ಹೋಗುವವಳು ತಿರುಗಿ ಬಂದಳು. "ಸರ, ನಮ್ಮವ್ವಗ ಕೊಡ್ಲೇನ್ರಿ? ಆಕಿಗೂ ಇದ ಅಳತಿ. ಆಕಿ ಕಾಲು ಭಾಳ ನೋಯ್ತಾವ್ರಿ."

ಇಬ್ಬರೂ ಅಡಿಗೆ ಕೋಣೆಗೆ ಹೋದೆವು. ಆ ಹೆಣ್ಣುಮಗಳು ಮುಂಜಾನೆಯಿಂದ ಕಲ್ಲಿನ ನೆಲದ ಮೇಲೆ ನಿಂತು, ಇನ್ನೂರು ಮಕ್ಕಳ ಅನ್ನ ಬೇಯಿಸುವವಳು. ಆರು ವರ್ಷ ಅವಳ ಕೈಯ ಊಟ ಉಂಡಿದ್ದೆ. ಸೊಟ್ಟ ಕಾಲು ಹುಡುಕುವ ನನ್ನ ಕಣ್ಣು ಅಡಿಗೆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಹೊರಗೆ ಬಿಟ್ಟಿದ್ದ ಅವಳ ಚಪ್ಪಲಿ ಎತ್ತಿ ನೋಡಿದೆ. ಒಳಬದಿಯ ಅಂಚು ಕಾಗದದಷ್ಟು ತೆಳ್ಳಗಾಗಿತ್ತು.

"ಬ್ಯಾಡ್ರಿ ಸರ, ನಾ ಬೂಟ ಹಾಕ್ಕೊಂಡ್ರ ಮಂದಿ ನಗ್ತಾರ."

"ನನಗ ಮುಂಜಾನೆ ನಕ್ಕು ಮುಗಿಸ್ಯಾರ, ಹಾಕ್ಕೊರಿ" ಅಂದೆ.

ಸೀರೆ ಒಂಚೂರು ಎತ್ತಿ ಹಾಕಿಕೊಂಡು ನಳದವರೆಗೆ ನಡೆದು ಬಂದಳು. ಇನ್ನೊಮ್ಮೆ ಹೋಗಿ ಬಂದಳು.

"ಹೆಂಗದಾವ?"

"ನೆಲ ಗಟ್ಟಿ ಆದಂಗ ಆತ್ರಿ ಸರ."

ಮರುದಿನ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು, "ಅಡಿಗಿ ಮನ್ಯಾಗ ಬೂಟೇನ್ರಿ?" ಎಂದು ತಕರಾರು ತೆಗೆದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಸರ, ಅಡಿಗಿ ಮಾಡೂದು ಕೈಲೇನೋ ಖರೆ, ನಾಕ ತಾಸ ನಿಂದ್ರೂದು ಯಾತರಲೇರಿ?" ಅಂದಳು. ಬೂಟು ಕೋಣೆ ಬಿಟ್ಟು ಹೊರಗೆ ಹೋಗಬಾರದು, ಶನಿವಾರ ತೊಳೆಯಬೇಕು ಎಂದು ರಾಜಿಯಾಯಿತು. ಅವಳಿಗೂ ಡಾಕ್ಟರ್ ಹೇಳಿದ ವ್ಯಾಯಾಮ ಕಲಿಸಿದೆ. ಬೇಳೆ ತಿರುವುತ್ತಲೇ ಹಿಮ್ಮಡಿ ಎತ್ತಿ ಇಳಿಸುತ್ತಾಳೆ, ನನಗಿಂತ ಶಿಸ್ತಾಗಿ. ದೀಪಾವಳಿ ಹೊತ್ತಿಗೆ ಇಬ್ಬರ ನೋವೂ ಬಹಳ ಇಳಿದಿತ್ತು. ನನ್ನದಕ್ಕೆ ಕಾರಣ ವ್ಯಾಯಾಮ ಎನ್ನುತ್ತಾರೆ ಡಾಕ್ಟರ್. ರಾತ್ರಿ ತಾನು ಹಚ್ಚುವ ಎಣ್ಣೆ ಎನ್ನುತ್ತಾಳೆ ಹೆಂಡತಿ.

ಆ ತಾಯಿಗೆ ಲೇಸು ಕಟ್ಟಲು ಬರುತ್ತಿರಲಿಲ್ಲ. ಮೊದಲ ವಾರಗಳಲ್ಲಿ ಮಗಳೇ ಪ್ರಾರ್ಥನೆಗೆ ಮುಂಚೆ ಬಂದು, ಮೊಣಕಾಲೂರಿ ಕುಳಿತು ಕಟ್ಟಿ ಹೋಗುತ್ತಿದ್ದಳು. ಒಂದು ದಿನ ನಾನು ಚಹಾಕ್ಕೆಂದು ಹೋದಾಗ ತಾಯಿ ಒಬ್ಬಳೇ ಹೊಸ್ತಿಲ ಮೇಲೆ ಕುಳಿತು, ನಾಲಿಗೆ ಕಚ್ಚಿಕೊಂಡು, ಕೇಸರಿ ಲೇಸನ್ನು ಗಂಟಿನ ಮೇಲೆ ಗಂಟು ಹಾಕುತ್ತಿದ್ದಳು. ಮುಗಿಸಿ, ಎದ್ದು ನಿಂತು, ಕಾಲು ಮುಂದೆ ಚಾಚಿ ತೋರಿಸಿದಳು.

"ಬಂತ ನೋಡ್ರಿ ಸರ!" ಅಂದಳು. ಆಮೇಲೆ ಬಗ್ಗಿ ಆ ಗಂಟನ್ನು ಒಮ್ಮೆ ಎಳೆದು ನೋಡಿ, "ಇನ್ನ ಬಿಚ್ಚೂದು ಹೆಂಗ್ರಿ?" ಅಂದಳು.