ಏಳು ಹಾಕಿದರೆ ಆರು ತೆರೆಯುತ್ತದೆ

ಬೀಗದಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಮನೆ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಇನ್ನೊಮ್ಮೆ ಎಳೆದು ನೋಡುವ ಹೆಂಗಸು ಅವಳು. ಕೆಲಸ ಮಾಡುವ ಲೇಬಲ್ ಪ್ರೆಸ್ಸಿನಲ್ಲಿ ಅವಳ ಕತ್ತರಿಗೂ ಬೀಗ, ಟೀ ಕುಡಿಯುವ ಲೋಟಕ್ಕೂ ಬೀಗ. ಮೆಷಿನ್ ನಡೆಸುವವರು ಬೆನ್ನ ಹಿಂದೆ ಕಿಸಕ್ಕನೆ ನಗುತ್ತಿದ್ದರು. ನಗಲಿ ಬಿಡಿ. ಕೆಲಸದಲ್ಲಿ ಮಾತ್ರ ಅವಳದು ಎತ್ತಿದ ಕೈ, ನಕ್ಕವರೂ ಅದನ್ನು ಒಪ್ಪುತ್ತಿದ್ದರು.

ಪ್ರೆಸ್ಸಿನಲ್ಲಿ ತಯಾರಾಗುತ್ತಿದ್ದುದು ಔಷಧದ ಸೀಸೆಗಳ ಲೇಬಲ್ಲು. ಒಂದೊಂದನ್ನೂ ಕೈಯಾರೆ ಜೋಡಿಸುತ್ತ ಕೂತರೆ ಕೆಲಸ ಸಾಗದೆಂದು ಅವಳೇ ಹಟ ಹಿಡಿದು ಕಲಿತು ಒಂದು ಪ್ಲಗಿನ್ ಬರೆದಿದ್ದಳು. ಪ್ಲಗಿನ್ ಎಂದರೆ ಮತ್ತೇನಲ್ಲ, ದೊಡ್ಡ ಸಾಫ್ಟ್‌ವೇರಿನ ಪಕ್ಕಕ್ಕೆ ಜೋಡಿಸುವ ಪುಟ್ಟ ಸಾಫ್ಟ್‌ವೇರು. ಸೀಸೆಯ ಅಳತೆ ಕೊಟ್ಟರೆ ಸಾಕು, ಔಷಧದ ಹೆಸರು, ಪ್ರಮಾಣ, ಎಚ್ಚರಿಕೆಯ ಸಾಲು ಎಲ್ಲವನ್ನೂ ಅದು ಅವುಗಳ ಜಾಗದಲ್ಲಿ ಕೂರಿಸುತ್ತಿತ್ತು. ಆರನೇ ಆವೃತ್ತಿಯಲ್ಲಿ ಒಂದೇ ಒಂದು ಐಬು. ಸೀಸೆ ಚಿಕ್ಕದಾದರೆ ಎಚ್ಚರಿಕೆಯ ಕೊನೆಯ ಸಾಲನ್ನೇ ನುಂಗಿಹಾಕುತ್ತಿತ್ತು. ಅದನ್ನು ಸರಿಪಡಿಸಿ ಏಳನೆಯದನ್ನು ಬರೆದಳು. ಎಲ್ಲರೂ ಬಳಸುವ ಫೋಲ್ಡರಿನಲ್ಲಿ ಇಟ್ಟು ಸಾಫ್ಟ್‌ವೇರ್ ತೆರೆದಳು. ಪರದೆಯ ಮೂಲೆಯಲ್ಲಿ ‘ಆರು’ ಎಂದು ಬಂತು.

ಏನೋ ಕೈತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದಳು. ಆರು. ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಆರು. ಫೋಲ್ಡರಿನಲ್ಲಿದ್ದ ಹಳೆಯದನ್ನು ಬೇರುಸಮೇತ ಕಿತ್ತೆಸೆದಳು. ಈಗ ಅಲ್ಲಿ ಏಳು ಬಿಟ್ಟರೆ ಬೇರೆ ನರಪಿಳ್ಳೆಯೂ ಇರಲಿಲ್ಲ. ಆದರೂ ಪರದೆಯಲ್ಲಿ ಆರೇ. ಇಲ್ಲದ ವಸ್ತು ಎಲ್ಲಿಂದ ಎದ್ದು ಬರುತ್ತದೆ? ಯಾರೋ ತಂದು ಇಡುತ್ತಿದ್ದಾರೆ. ಅವಳ ತಲೆ ಹೊಕ್ಕ ಹುಳ ಅಲ್ಲಿಂದಾಚೆ ಹೊರಗೆ ಬರಲೇ ಇಲ್ಲ.

ಯಾರೋ ಅಂದರೆ ಯಾರು? ಆ ಕಂಪ್ಯೂಟರಿನಲ್ಲಿ ಕೂರುವವರು ಇಬ್ಬರೇ. ಬೆಳಿಗ್ಗೆ ಇವಳು, ಮಧ್ಯಾಹ್ನ ಅವಳ ನಾದಿನಿಯ ಗಂಡ. ಮನೆಯಲ್ಲಿ ಅತ್ತೆ ಕರೆಯುವ ಹಾಗೆ ಎಲ್ಲರಿಗೂ ಅವರು ‘ಅಳಿಯಂದಿರು’. ಹಿಂದೆ ಕೆಲಸಕ್ಕಿದ್ದ ಜಾಗ ಬಾಗಿಲು ಹಾಕಿದ ಮೇಲೆ ಬಹಳ ಕಾಲ ಖಾಲಿ ಕೂತಿದ್ದರು. ತನ್ನ ಗಂಡನ ಕಾಟ ತಡೆಯಲಾರದೆ ಬೀಗದಕ್ಕನೇ ಪ್ರೆಸ್ಸಿನ ಯಜಮಾನರ ಕಿವಿಗೆ ಒಂದು ಮಾತು ಹಾಕಿ ಕೆಲಸಕ್ಕೆ ಸೇರಿಸಿದ್ದಳು. ಇದೂ ಕೈಬಿಟ್ಟರೆ ನಾದಿನಿ ಸಂಸಾರ ಸಮೇತ ತವರಿಗೆ ಬಂದು ಕೂರುವುದೇ ಗತಿ. ಮನುಷ್ಯ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವರು. ಮಾತಾಡದವರನ್ನು ಕಂಡರೆ ಬೀಗದಕ್ಕನಿಗೆ ಮೊದಲೇ ಆಗದು.

ಅದಕ್ಕೆ ಸರಿಯಾಗಿ ಇನ್ನೊಂದು ಸಂಗತಿ ನಡೆಯಿತು. ಇಬ್ಬರೂ ತಂತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಕೆಲಸ ಮಾಡುವುದು ಅಲ್ಲಿನ ರೂಢಿ. ಅವರು ತಮ್ಮ ಹೆಸರಿನಲ್ಲಿ ತೆರೆದರೆ ಪರದೆಯಲ್ಲಿ ‘ಏಳು’ ಬರುತ್ತಿತ್ತು. ಅದೇ ಕಂಪ್ಯೂಟರು, ಅದೇ ಕುರ್ಚಿ. ಇವಳು ಮಾಡಿದ ಲೇಬಲ್ಲಿನ ಮಾದರಿಯನ್ನು ಔಷಧದ ಕಂಪನಿ ಎಚ್ಚರಿಕೆಯ ಸಾಲು ಎಲ್ಲಿ ಎಂದು ಕೇಳಿ ಹಿಂದಕ್ಕೆ ಕಳಿಸಿತು, ಅವರು ಮಾಡಿದ್ದು ಪಾಸಾಯಿತು. ಪ್ಲಗಿನ್ ಬರೆದವಳು ನಾನು, ಕೀರ್ತಿ ಅವರಿಗೆ. ನನ್ನ ಕುರ್ಚಿಗೇ ಕಣ್ಣು ಹಾಕಿದ್ದಾರೆ ಎಂದು ಹೊಟ್ಟೆ ಉರಿದುಕೊಂಡಳು.

ಸಂಜೆ ಮನೆಯಲ್ಲಿ ಗಂಡನ ಮುಂದೆ ಎಲ್ಲವನ್ನೂ ಒದರಿದಳು. ಅವನು ಬಟ್ಟೆ ಮಡಚುತ್ತ ಕೂತಿದ್ದ.

“ನಿಂಗೆ ಹಾಲಿನವನ ಮೇಲೂ ಅನುಮಾನ, ಹಾಲಿನ ಮೇಲೂ ಅನುಮಾನ” ಎಂದ.

“ಹಾಲಲ್ಲಿ ನೀರಿತ್ತೋ ಇಲ್ವೋ?”

“ಇತ್ತು ಮಾರಾಯ್ತಿ. ಅದಕ್ಕೆ ಅಳಿಯಂದಿರು ಏನ್ ಮಾಡ್ಬೇಕು? ಅವ್ರ ಅನ್ನಕ್ಕೆ ಕಲ್ಲು ಹಾಕ್ಬೇಡ ಕಣೆ. ನನ್ ತಂಗಿ ಮುಖ ನೋಡು.”

“ಮುಖ ನೋಡಿನೇ ಕೆಲಸ ಕೊಡಿಸಿದ್ದು. ಈಗ ಕೈ ನೋಡ್ತಿದೀನಿ” ಎಂದು ಅವಳು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಪಾಸ್‌ವರ್ಡ್ ಬದಲಿಸಿ ನೋಡಿದಳು. ಪ್ಲಗಿನ್ನಿನ ಹೆಸರನ್ನೇ ಬದಲಿಸಿ ನೋಡಿದಳು. ಆರು ಜಪ್ಪಯ್ಯ ಎಂದರೂ ಕದಲಲಿಲ್ಲ. ತಾಳ್ಮೆ ಕೆಟ್ಟು ಸೀದಾ ಯಜಮಾನರ ಕೋಣೆಗೆ ಹೋದಳು.

“ಸರ್, ಯಾರೋ ಬೇಕಂತಲೇ ಹಳೇದನ್ನ ತಂದು ಹಾಕ್ತಿದಾರೆ.”

“ಯಾರೋ ಅಂದ್ರೆ ಯಾರಮ್ಮ?”

“ನನ್ ಬಾಯಲ್ಲಿ ಯಾಕೆ ಹೇಳಿಸ್ತೀರಾ. ಅಲ್ಲಿ ಕೂರೋರು ಇಬ್ಬರೇ.”

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮ್ಮೋರು ಅಂತಲೇ ತಗೊಂಡಿದ್ದು. ನೀವೇ ಹೀಗಂದ್ಮೇಲೆ ನಾನು ಇಟ್ಕೊಳ್ಳೋದು ಹೇಗೆ? ಊಟ ಆದ್ಮೇಲೆ ಕರೆಸ್ತೀನಿ. ಇವತ್ತೇ ಕೊನೆ.”

ಹೊರಗೆ ಬಂದಾಗ ಅವಳಿಗೆ ಗೆದ್ದ ಹಾಗೇನೂ ಅನ್ನಿಸಲಿಲ್ಲ. ಸಾಕ್ಷಿ ಬೇಕು, ಇಲ್ಲದಿದ್ದರೆ ನಾದಿನಿಯ ಮುಂದೆ ತಲೆ ಎತ್ತುವುದು ಹೇಗೆ? ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರು. ಅವತ್ತು ಊಟಕ್ಕೆ ಮೊದಲೇ ಬಂದು ಒಂದಿಷ್ಟು ಕೆಲಸ ಶುರು ಮಾಡಿದ್ದ ಅಳಿಯಂದಿರು ತಮ್ಮ ಲಾಗಿನ್ನನ್ನು ಹಾಗೇ ತೆರೆದಿಟ್ಟು ಕೈ ತೊಳೆಯಲು ಹೋಗಿದ್ದರು. ಕಳ್ಳತನ ಮಾಡುವವರು ಹೀಗೆ ಎಲ್ಲ ತೆರೆದಿಟ್ಟು ಹೋಗುತ್ತಾರೆಯೇ ಎಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ. ‘ನಾಟಕ’ ಎಂದುಕೊಂಡು ಕುರ್ಚಿ ಎಳೆದು ಕೂತಳು.

ಆ ಸಾಫ್ಟ್‌ವೇರಿಗೆ ಒಂದು ಪದ್ಧತಿಯಿತ್ತು. ಪ್ಲಗಿನ್ ಬೇಕಾದಾಗ ಮೊದಲು ಲಾಗಿನ್ ಆದವರ ಸ್ವಂತ ಫೋಲ್ಡರಿನಲ್ಲಿ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ಎಲ್ಲರ ಫೋಲ್ಡರಿಗೆ ಹೋಗುತ್ತದೆ. ತಂದು ಹಾಕುವ ಹಳೆಯದನ್ನು ಇಲ್ಲೇ ಬಚ್ಚಿಟ್ಟಿರಬೇಕೆಂದು ಅವರ ಸ್ವಂತ ಫೋಲ್ಡರನ್ನು ತೆರೆದಳು. ಖಾಲಿ. ಅಡಗಿಸಿಟ್ಟ ಫೈಲುಗಳನ್ನೂ ತೋರಿಸೆಂದು ಒತ್ತಿದಳು. ಆಗಲೂ ಖಾಲಿ.

ಇಲ್ಲಿ ಏನೂ ಇಲ್ಲದ್ದರಿಂದ ಸಾಫ್ಟ್‌ವೇರು ನೆಟ್ಟಗೆ ಎಲ್ಲರ ಫೋಲ್ಡರಿಗೆ ಹೋಗಿ ಏಳನ್ನು ಎತ್ತಿಕೊಳ್ಳುತ್ತಿದೆ. ಹಾಗಾದರೆ ನನ್ನ ಹೆಸರಿನಲ್ಲಿ ತೆರೆದಾಗ ಅದು ಅಲ್ಲಿಯವರೆಗೆ ಹೋಗುತ್ತಲೇ ಇಲ್ಲವೇ? ಗಡಿಬಿಡಿಯಲ್ಲಿ ತನ್ನ ಲಾಗಿನ್ನಿಗೆ ಬದಲಿಸಿ ತನ್ನ ಫೋಲ್ಡರು ತೆರೆದಳು. ಅಡಗಿಸಿಟ್ಟದ್ದನ್ನು ತೋರಿಸೆಂದಳು. ಆರನೇ ಪ್ಲಗಿನ್ ಅಲ್ಲಿ ತಣ್ಣಗೆ ಕೂತಿತ್ತು. ಪಕ್ಕದಲ್ಲಿ ತಾರೀಕು. ಅಳಿಯಂದಿರು ಕೆಲಸಕ್ಕೆ ಸೇರಿದ ದಿನ ಅದು.

ಈಗ ಎಲ್ಲ ನೆನಪಾಯಿತು. ಹೊಸಬರು ಏನಾದರೂ ಕೆದಕಿ ಕೆಡಿಸಿಯಾರೆಂದು ಅವತ್ತೇ ಒಂದು ನಕಲು ಮಾಡಿ, ಯಾರ ಕಣ್ಣಿಗೂ ಬೀಳದ ಹಾಗೆ ಇಲ್ಲಿ ಅಡಗಿಸಿದ್ದಳು. ಎಷ್ಟು ಚೆನ್ನಾಗಿ ಅಡಗಿಸಿದ್ದಳೆಂದರೆ ತಾನೇ ಮರೆತಿದ್ದಳು.

ಊಟದ ಹೊತ್ತು ಮುಗಿದು ಯಜಮಾನರ ಕೋಣೆಯ ಬಾಗಿಲು ಆಗಲೇ ಮುಚ್ಚಿತ್ತು. ಓಡಿ ಹೋಗಿ, ತಟ್ಟದೆಯೇ ತಳ್ಳಿದಳು. ಅಳಿಯಂದಿರು ನಿಂತಿದ್ದರು, ತಲೆ ತಗ್ಗಿಸಿರಲಿಲ್ಲ. ಪ್ರೆಸ್ಸಿನ ಗುರುತಿನ ಚೀಟಿಯನ್ನು ಕತ್ತಿನಿಂದ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು.

“ಸರ್, ಅದು ಇವರಲ್ಲ. ನಾನೇ ಬಚ್ಚಿಟ್ಟಿದ್ದು, ನಾನೇ ಮರೆತಿದ್ದು. ಇವರು ಮುಟ್ಟೇ ಇಲ್ಲ.” ಹೇಳುವಾಗ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

ಯಜಮಾನರು ಇಬ್ಬರ ಮುಖವನ್ನೂ ನೋಡಿ, ಚೀಟಿಯನ್ನು ಬೆರಳಿನಿಂದ ಅಳಿಯಂದಿರ ಕಡೆಗೆ ತಳ್ಳಿದರು. “ತಗೊಳ್ಳಿ, ಹೋಗಿ ಕೆಲಸ ನೋಡಿ. ನಿಮ್ ಹತ್ರ ಆಮೇಲೆ ಮಾತಾಡ್ತೀನಿ ಕಣಮ್ಮ.”

ಹೊರಗೆ ನಡುಮನೆಯಂಥ ಜಾಗದಲ್ಲಿ ಕಾಗದದ ರೀಲುಗಳ ನಡುವೆ ಅವರನ್ನು ಅಡ್ಡಗಟ್ಟಿ ನಿಲ್ಲಿಸಿದಳು. “ತಪ್ಪಾಯ್ತು. ಹಳೇದು ಎಲ್ಲಿಂದ ಬರ್ತಿದೆ ಅಂತ ನಿಮಗೆ ಏನೂ ಅನುಮಾನ ಬರಲಿಲ್ವಾ?”

“ನನ್ ಹೆಸರಲ್ಲಿ ಏಳು ಬಂದ ದಿನಾನೇ ಗೊತ್ತಾಯ್ತು ಅಕ್ಕ. ನಿಮ್ ಫೋಲ್ಡರಲ್ಲೇ ಹಳೇದು ಇರುತ್ತೆ ಅಂತ.”

“ಮತ್ತೆ ಯಾಕೆ ಹೇಳ್ಲಿಲ್ಲ? ಕೆಲಸ ಹೋಗ್ತಿತ್ತಲ್ಲ.”

“ಹೇಳಿದ್ರೆ ನೀವು ಮೊದಲು ಏನ್ ಕೇಳ್ತಿದ್ರಿ? ‘ನನ್ ಫೋಲ್ಡರಲ್ಲಿ ಇರೋದು ನಿಮಗೆ ಹೇಗೆ ಗೊತ್ತಾಯ್ತು’ ಅಂತ.”

ಅವರ ಮಾತು ಮುಗಿಯುವ ಮೊದಲೇ ಅದೇ ಪ್ರಶ್ನೆ ಬೀಗದಕ್ಕನ ನಾಲಿಗೆಯ ತುದಿಗೆ ಬಂದು ಕೂತಿತ್ತು.

ಕಂಪ್ಯೂಟರಿನ ಹತ್ತಿರ ಬಂದು ಕುರ್ಚಿ ಬಿಟ್ಟುಕೊಟ್ಟಳು. ತನ್ನ ಲಾಗಿನ್ ತೆರೆದೇ ಇತ್ತು. “ನೀವೇ ಕೂತ್ಕೊಳ್ಳಿ. ನಿಮ್ ಕೈಯಾರೆ ಅಳಿಸಿಬಿಡಿ.”

“ಬೇಡ ಅಕ್ಕ, ನೀವೇ ಅಳಿಸಿ” ಎಂದು ಅಳಿಯಂದಿರು ಮೇಜಿನಿಂದ ಹಿಂದಕ್ಕೆ ಸರಿದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.